ಖಂಡೆ ಪೂಜೆಯ ಎಣ್ಣೆ ಮತ್ತು ನಾಲ್ಕು ಸ್ಕ್ರೂಗಳು

ನನ್ನ ಬಲ ಹುಬ್ಬಿನ ಮೇಲೆ ಅರ್ಧ ಬಳೆಯ ಆಕಾರದ ಗಾಯದ ಗುರುತೊಂದಿದೆ. ಬಸವಕಲ್ಯಾಣದಲ್ಲಿ ನನ್ನನ್ನು ಬಲ್ಲವರೆಲ್ಲ ಅದನ್ನು ನನ್ನ ಹೆಂಡತಿಯ ಲಟ್ಟಣಿಗೆಯ ಕೆಲಸವೆಂದು ತೀರ್ಮಾನಿಸಿದ್ದಾರೆ. ಆಕೆಯೂ ಅಲ್ಲವೆನ್ನುವುದಿಲ್ಲ. ನಿಜ ಹೇಳಬೇಕೆಂದರೆ ಅದು ನನ್ನದೇ ಬಂದೂಕಿನ ದುರ್ಬೀನು ಕೊಟ್ಟ ಏಟು.

ಬಂದೂಕು ಅಜ್ಜನದು. ದೊಡ್ಡ ಬೇಟೆಗೆಂದು ಮಾಡಿದ ರೈಫಲ್. ಒಂದು ಗುಂಡು ಹಾರಿಸಿದರೆ ಎರಡು ದಿನ ಅಂಗಿಯ ತೋಳು ಏರಿಸಲಾಗದಂತೆ ಭುಜಕ್ಕೆ ಒದೆಯುತ್ತದೆ. ಬೇಟೆಯ ಕಾಲ ಎಂದೋ ಮುಗಿಯಿತು. ಈಗ ಕಾಡುಹಂದಿ ಜನರ ಮೇಲೆ ಏರಿಬಂದಾಗ ಮಾತ್ರ ಅರಣ್ಯ ಇಲಾಖೆಯವರು ಪರವಾನಗಿ ಕೊಟ್ಟು ಕರೆಯುತ್ತಾರೆ. ಕಣ್ಣು ಮಂಜಾಗತೊಡಗಿದ್ದರಿಂದ, ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ಒಂದು ದುರ್ಬೀನು ಕೊಂಡೆ. ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ ಬೀದಿಯಾಚೆಯ ಗಡಿಯಾರದ ಸೆಕೆಂಡಿನ ಮುಳ್ಳು ಕಂಡಿತು. ಅಷ್ಟಕ್ಕೇ ಮರುಳಾದೆ. ಮೊದಲ ಗುಂಡಿಗೆ ಅದು ಹುಬ್ಬು ಸೀಳಿತು. ಮೂರನೆಯ ಗುಂಡಿಗೆ ಒಳಗೇನೋ ಕಳಚಿ, ಅಲ್ಲಾಡಿಸಿದರೆ ಗಿಲಕಿಯ ಸದ್ದು ಬರತೊಡಗಿತು.

ಹುಮನಾಬಾದಿನಲ್ಲಿ ಬಂದೂಕು ರಿಪೇರಿ ಮಾಡುವ ಒಬ್ಬ ಮುದುಕರಿದ್ದಾರೆ. ಎಲ್ಲರೂ ಉಸ್ತಾದರೆನ್ನುತ್ತಾರೆ. ಅವರು ಆ ಗಿಲಕಿಯನ್ನು ಕಿವಿಗೆ ಹಿಡಿದು ನಕ್ಕರು.

"ಅರೇ ಸಾಹೇಬ್ರ, ದೂರಿಂದು ಕಾಣೋದೇನ್ ದೊಡ್ಡ ಮಾತಲ್ರಿ. ಇದು ಒದಿ ತಿನ್ನಬೇಕು, ಒದಿ! ಗಾಜಿಗಿಂತ ಮೊದಲ ಮಜಬೂತಿ ನೋಡ್ರಿ."

ಅವರೇ ಆರಿಸಿದ ದುರ್ಬೀನು ನೋಡಲು ಸಪ್ಪೆ. ಹೆಚ್ಚು ದೊಡ್ಡದಾಗಿ ತೋರಿಸುವುದಿಲ್ಲ, ಆದರೆ ಗಟ್ಟಿ. ಕಣ್ಣನ್ನು ಅದರಿಂದ ನಾಲ್ಕು ಬೆರಳು ದೂರವಿಟ್ಟರೂ ಪೂರ್ತಿ ಕಾಣುತ್ತದೆ, ಹಾಗಾಗಿ ಹುಬ್ಬಿಗೆ ಅಪಾಯವಿಲ್ಲ. ಅದನ್ನು ಹಿಡಿಯಲು ಉಕ್ಕಿನ ರಿಂಗು, ರಿಂಗುಗಳ ಕೆಳಗೆ ಒಂದೇ ತುಂಡಿನ ಉಕ್ಕಿನ ಪಟ್ಟಿ. ಪಟ್ಟಿಯನ್ನು ಬಂದೂಕಿಗೆ ಕೂರಿಸುವ ನಾಲ್ಕು ಸ್ಕ್ರೂಗಳ ತೂತನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ತೊಟ್ಟು ಅಂಟು ಹಾಕಿ ಬಿಗಿದರು. ಕೊನೆಗೆ ಸೊಸೆಯ ಉಗುರುಬಣ್ಣ ತಂದು ಪ್ರತಿ ಸ್ಕ್ರೂವಿನ ತಲೆಯಿಂದ ಪಟ್ಟಿಯವರೆಗೆ ಕೆಂಪು ಗೆರೆ ಎಳೆದರು.

"ಸ್ಕ್ರೂ ತಿರುಗಿದ್ರ ಈ ಗೆರಿ ಮುರೀತದ. ಗೆರಿ ಮುರಿದ್ರ ಗುಂಡ ಹಾರಿಸಬ್ಯಾಡ್ರಿ, ಹಂದಿ ಮೈಮ್ಯಾಲ ಬಂದ್ರೂ ಹಾರಿಸಬ್ಯಾಡ್ರಿ. ಮತ್ತ ಈ ನಾಕಕ್ಕ ಎಣ್ಣಿ ತೋರಿಸಬ್ಯಾಡ್ರಿ."

ಅಷ್ಟರಲ್ಲಿ ಖಂಡೆ ಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ನಮ್ಮಲ್ಲಿ ಅಂದು ಕುಡುಗೋಲಿನಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲಕ್ಕೂ ಎಣ್ಣೆ, ವಿಭೂತಿ, ಕುಂಕುಮ. ಬಂದೂಕಿಗೆ ಮೈತುಂಬ ಎಣ್ಣೆ ಹಚ್ಚಿ ಆ ನಾಲ್ಕು ಸ್ಕ್ರೂಗಳನ್ನು ಮಾತ್ರ ಉಪವಾಸ ಕೆಡವುವುದು ನನ್ನ ಮನಸ್ಸಿಗೆ ಬರಲಿಲ್ಲ. ಬಿಚ್ಚಿ, ಎಣ್ಣೆಯಲ್ಲಿ ಅದ್ದಿ, ಪೂಜಿಸಿ, ಉಸ್ತಾದರಿಗೆ ಗೊತ್ತಾಗದಂತೆ ಗೆರೆಗೆ ಗೆರೆ ಕೂಡಿಸಿ ಬಿಗಿದೆ. ಪರೀಕ್ಷೆಗೆ ಹಾರಿಸಿದ ಎರಡು ಗುಂಡುಗಳೂ ಗುರಿಗೇ ಬಿದ್ದವು. ನನ್ನ ಸೊಕ್ಕಿಗೆ ಅಷ್ಟು ಸಾಕಾಯಿತು.

ಹುಲಸೂರಿನ ಕಬ್ಬಿನ ಗದ್ದೆಯಲ್ಲಿ ಒಂಟಿ ಹಂದಿಯೊಂದು ಆಳಿನ ತೊಡೆ ಸೀಳಿತ್ತು. ಜೀಪಿನಲ್ಲಿ ಕುಲುಕುತ್ತ ಹೋದೆ. ಕಬ್ಬು ಕಡಿಯುವವರನ್ನು ಟ್ರಾಲಿ ಹತ್ತಿಸಿ, ಯಾರೂ ಇಳಿಯಬಾರದೆಂದು ಹೇಳಿ, ನಾನೂ ಫಾರೆಸ್ಟ್ ಗಾರ್ಡನೂ ಬದುವಿನ ಮೇಲೆ ಕೂತೆವು. ಒಂದು ತಾಸು ಎಲೆ ಅಲ್ಲಾಡಲಿಲ್ಲ.

ರತ್ನಾಬಾಯಿ ಎಂಬಾಕೆ ನೀರಿನ ಕೊಡಕ್ಕೆಂದು ಟ್ರಾಲಿಯಿಂದ ಇಳಿದಳು. ಹಂದಿ ಹೊರಬಿದ್ದದ್ದು ಆಗಲೇ. ನನ್ನಿಂದ ಅರವತ್ತು ಹೆಜ್ಜೆ ಆಚೆ ಆಕೆಯತ್ತ ಮೂತಿ ಮಾಡಿ ನಿಂತಿತು. ನನ್ನ ಕಡೆಯಿಂದ ನೋಡಿದರೆ ಆಕೆ ಹಂದಿಯ ಬಲಕ್ಕೆ ಎರಡೇ ಮೊಳ.

"ಹೊಡೀರಿ ಸರ್, ಹೊಡೀರಿ!" ಎಂದ ಗಾರ್ಡ್.

ಬಂದೂಕು ಎತ್ತಿದೆ. ಕೆನ್ನೆ ಇಡುವಷ್ಟರಲ್ಲಿ ಕಣ್ಣು ಸ್ಕ್ರೂಗಳ ಮೇಲೆ ಬಿತ್ತು. ಹಿಂದಿನ ಎರಡು ಗೆರೆಗಳೂ ಮುರಿದಿದ್ದವು. ಹೊಡೆಯದಿದ್ದರೆ ಹಂದಿ ಆಕೆಯನ್ನು ಸೀಳಬಹುದು, ಹೊಡೆದರೆ ನಾನೇ ಕೊಲ್ಲಬಹುದು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಬಂದೂಕು ಇಳಿಸಿ, ಗಂಟಲು ಹರಿಯುವಂತೆ ಕಿರುಚಿದೆ. ಹಂದಿ ನನ್ನತ್ತ ತಿರುಗಿತು. ಆಕೆ ಕೊಡ ಬಿಸುಟು ಟ್ರಾಲಿ ಹತ್ತಿದಳು. ಹಂದಿ ಕ್ಷಣ ಯೋಚಿಸಿ ಕಬ್ಬಿನೊಳಗೆ ಹೋಯಿತು.

ಟ್ರಾಲಿಯ ಮೇಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರು ರತ್ನಾಬಾಯಿಯೇ. "ಇಷ್ಟ್ ಉದ್ದ ಬಂದೂಕ ಹಿಡಕೊಂಡು ಹೆಂಗಸ್ರಂಗ ಚೀರ್ತಾರ ನೋಡ್ರಿ!"

ಜನ ಹೋದ ಮೇಲೆ ಮಣ್ಣಿನ ದಿಬ್ಬಕ್ಕೆ ಒಂದು ಚೀಲ ಒರಗಿಸಿ, ಅದೇ ಅರವತ್ತು ಹೆಜ್ಜೆಯಿಂದ ಒಂದು ಗುಂಡು ಹಾರಿಸಿದೆ. ಚೀಲಕ್ಕೆ ಏನೂ ಆಗಲಿಲ್ಲ. ಬಲಕ್ಕೆ ಎರಡು ಮೊಳದಾಚೆ ಮಣ್ಣು ಹಾರಿತು. ಗಾರ್ಡ್ ಹೋಗಿ ಆ ತೂತಿನಲ್ಲಿ ಬೆರಳಿಟ್ಟು ನೋಡಿ ಬಂದ, ರತ್ನಾಬಾಯಿ ನಿಂತಿದ್ದ ಕಡೆ ನೋಡುತ್ತ ಬೀಡಿ ಹಚ್ಚಿದ. ಮೂರು ಕಡ್ಡಿ ಬೇಕಾದವು.

ಉಸ್ತಾದರ ಮುಂದೆ ತಪ್ಪೊಪ್ಪಿಕೊಂಡು ಬೈಸಿಕೊಂಡೆ. ಹಂದಿಯನ್ನು ಇಲಾಖೆಯವರೇ ಬಲೆಗೆ ಕೆಡವಿದರು. ರತ್ನಾಬಾಯಿಗೆ ಮಾತ್ರ ನಾನು ಏನನ್ನೂ ಹೇಳಿಲ್ಲ. ಬಸವಕಲ್ಯಾಣದ ಸಂತೆಯಲ್ಲಿ ಕಂಡಾಗಲೆಲ್ಲ ಆಕೆ ಕೂಗುತ್ತಾಳೆ: "ಸಾಹೇಬ್ರ, ಹಂದಿ ನಿಮ್ಮನ್ನ ಕೇಳಾಕತ್ತಿತ್ತು, ಗಂಟಲಾ ಆರಾಮ ಅದ ಏನಂತ!" ಸಂತೆಗೆ ಸಂತೆಯೇ ನಗುತ್ತದೆ. ಒಂದೊಂದು ದಿನ ವ್ಯಾಪಾರದ ಗಡಿಬಿಡಿಯಲ್ಲಿ ಆಕೆ ನನ್ನನ್ನು ಗಮನಿಸುವುದಿಲ್ಲ. ಅಂಥ ದಿನ ನಾನೇ ಎರಡು ಸಲ ಆಕೆಯ ಮುಂದೆ ಹಾದುಹೋಗುತ್ತೇನೆ.