ಒಳಗಿನ ಚಕ್ರದ ಗಾಳಿ

ನನ್ನದು ಬರೀ ಬಸ್ಸಲ್ಲ, ಅರ್ಧ ಮನೆ. ಒಳಗೆ ಮಲಗಲು ಹಲಗೆಗಳು, ಹಿಂದುಗಡೆ ಗ್ಯಾಸ್ ಒಲೆ, ಮೇಲೆ ನೀರಿನ ಟ್ಯಾಂಕಿ. ತೊಂಬತ್ತರ ದಶಕದ ಕೊನೆಯಲ್ಲಿ ಬ್ರಹ್ಮಾವರದಿಂದ ಜನರನ್ನು ಕಾಶಿಗೆ ಕರೆದೊಯ್ಯುತ್ತಿದ್ದೆ. ಒಲೆ, ಅಕ್ಕಿಮೂಟೆ, ಟ್ಯಾಂಕಿ ಎಲ್ಲವೂ ಎಡಕ್ಕೇ ಇದ್ದುದರಿಂದ ಎಡಗಡೆಯ ಹಿಂದಿನ ಜೋಡಿ ಟಯರುಗಳು, ಒಳಗಿನದೂ ಹೊರಗಿನದೂ, ಬೇಗ ಸವೆಯುತ್ತಿದ್ದವು.

ಗಾಳಿ ನೋಡಲು ನನಗಿದ್ದದ್ದು ಒಂದೇ ವಿದ್ಯೆ. ಕಬ್ಬಿಣದ ಲಿವರಿನಿಂದ ಟಯರಿಗೆ ಬಡಿದು ಸದ್ದು ಕೇಳುವುದು. ಟಣ್ ಎಂದರೆ ಸರಿ, ದಬ್ ಎಂದರೆ ಗಾಳಿ ಕಮ್ಮಿ. ನಮ್ಮ ಕಡೆಯ ಡ್ರೈವರುಗಳು ಬಹುಪಾಲು ಹಾಗೇ ಮಾಡುವುದು. ನನ್ನ ಕಿವಿಯ ಬಗ್ಗೆ ನನಗೆ ವಿಪರೀತ ಜಂಬವಿತ್ತು.

ನನ್ನ ಡ್ರೈವರು ಗುಲ್ವಾಡಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಸ್ಟೇರಿಂಗ್ ಹಿಡಿಯುವುದು ಬಿಟ್ಟರೆ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಎಲ್ಲಿಂದಲೋ ಗಾಳಿ ಅಳೆಯುವ ಹಿತ್ತಾಳೆಯ ಮೀಟರೊಂದನ್ನು ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆ ಸಲ ಹೊರಡುವಾಗ ಟಯರುಗಳಿಗೆ ನಾನೇ ಬಡಿದೆ. ಎಲ್ಲವೂ ಟಣ್ ಎಂದವು. ಅವರು ಮೀಟರು ತೆಗೆದರು.

"ಧಣಿ, ನೀವ್ ಬಡುದ್ ಹೊರ್ಗಿನ್ ಟಯರಿಗೆ. ಒಳ್ಗಿಂದ್ ಗೊತ್ತಾತ್ತಿಲ್ಲೆ."

"ಹ್ವಾಯ್, ಹೆಂಡ್ತಿಗೆ ಜ್ವರ ಬಂದ್ರೂ ಮೀಟರ್ ಇಟ್ಟೇ ಕಾಂಬುದಾ?" ಎಂದೆ. ಬಸ್ಸಿನೊಳಗಿನವರೆಲ್ಲ ನಕ್ಕರು. ಅವರು ಮೀಟರನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಕಿರಿಮಂಜೇಶ್ವರದಲ್ಲಿ ಬಸ್ಸು ಎಡಕ್ಕೆ ವಾಲುತ್ತಿದೆ ಎಂದು ಅವರೇ ನಿಲ್ಲಿಸಿದರು. ಹೊರಗಿನ ಟಯರಿನ ಮೇಲೆ ಅಂಗೈ ಇಟ್ಟವರು ಸುಟ್ಟಂತೆ ಹಿಂದಕ್ಕೆ ತೆಗೆದರು. ಒಳಗಿನದರಲ್ಲಿ ಗಾಳಿಯೇ ಇರಲಿಲ್ಲ. ಎರಡರ ಭಾರವನ್ನು ಒಂದೇ ಹೊತ್ತು ಬಂದಿತ್ತು. ಎದುರಿಗೇ ಪಂಕ್ಚರ್ ಅಂಗಡಿ.

"ಗಾಳಿ ತುಂಬ್ಸಿ ಹೊರಡುವ," ಎಂದೆ.

"ಬ್ಯಾಡ ಧಣಿ. ಗಾಳಿ ಇಲ್ದೇ ಓಡಿದ್ ಟಯರ್, ಒಳ್ಗೆ ನೂಲ್ ಕಡ್ದಿರತ್ತ್. ಬಿಚ್ಚಿ ಕಾಣ್ಕ್. ಇಲ್ದಿರೆ ಒಡಿತ್ತ್."

ಅವರು ಹೇಳಿದ್ದು ಸರಿ ಎಂದು ನನಗೂ ಅನಿಸಿತ್ತು. ಆದರೆ ಬಿಚ್ಚಿದರೆ ಬೆಳಿಗ್ಗೆ ಬಡಿದ ನನ್ನ ಲಿವರಿನ ಮರ್ಯಾದೆ ಅಷ್ಟೂ ಜನರ ಮುಂದೆ ಹೋಗುತ್ತಿತ್ತು.

"ಹೆದ್ರಿಕೆ ಆರೆ ನಾಳೆಯಿಂದ ಮನೇಲೇ ಕೂಕಣಿ. ನಂಗೆ ಬೇರೆ ಡ್ರೈವರ್ ಸಿಕ್ತ್ರ್," ಎಂದೆ.

ಅವರು ಗಾಳಿಯ ಪೈಪು ಸಿಕ್ಕಿಸಿ, ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಸ್ವಲ್ಪ ಸ್ವಲ್ಪವೇ ತುಂಬಿಸುತ್ತಾ ಮತ್ತೆ ಮತ್ತೆ ಮೀಟರು ನೋಡಿದರು. ಬೇಗ ಮಾಡಿ ಎಂದು ನಾನು ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗುವುದರೊಳಗೆ ಟಯರು ಒಡೆಯಿತು.

ಧೂಳು ಇಳಿದಾಗ ಅವರು ಮಗುಚಿ ಬಿದ್ದಿದ್ದರು. ಎರಡೂ ಕಿವಿಗಳಿಂದ ರಕ್ತ ಬರುತ್ತಿತ್ತು. ಮೀಟರು ನನ್ನ ಕಾಲ ಬಳಿ ಬಂದು ಬಿದ್ದಿತ್ತು, ಎತ್ತಿಕೊಂಡೆ. ಓಡಿ ಬಂದ ಜನರಿಗೆ ನಾನು ಹೇಳಿದ ಮೊದಲ ಮಾತು, "ಗಾಳಿ ಜಾಸ್ತಿ ಹಾಕ್ಬಿಟ್ರ್." ಎಲ್ಲರೂ ನಂಬಿದರು. ಕಾರೊಂದರಲ್ಲಿ ಅವರನ್ನು ಕುಂದಾಪುರದ ಆಸ್ಪತ್ರೆಗೆ ಕಳಿಸಿ, ಬೈಂದೂರಿನಿಂದ ಇನ್ನೊಬ್ಬ ಡ್ರೈವರನ್ನು ಕರೆಸಿ, ಸಂಜೆಯೊಳಗೆ ಹೊರಟೆ.

ಕೆಲವು ತಿಂಗಳ ಮೇಲೆ ಬ್ರಹ್ಮಾವರದ ಬಸ್‌ಸ್ಟ್ಯಾಂಡಿಗೆ ನನ್ನನ್ನು ಹುಡುಕಿಕೊಂಡು ಬಂದರು. ಬಲಗಿವಿ ಅಷ್ಟಿಷ್ಟು ಕೇಳುತ್ತದೆ, ಬಸ್ಸು ಕೊಡಿ ಎಂದರು. ನಾನು ಅವರನ್ನು ಬಸ್ಸಿಗೆ ಬೆನ್ನು ಮಾಡಿ ನಿಲ್ಲಿಸಿ, ಟಯರಿಗೆ ಲಿವರಿನಿಂದ ಬಡಿದೆ.

"ಗಾಳಿ ಇತ್ತಾ, ಇಲ್ಯಾ? ಹೇಳಿ ಕಾಂಬ."

ಬಡಿದದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಸುತ್ತ ಇದ್ದ ಕಂಡಕ್ಟರುಗಳು ನಕ್ಕರು. ಎದುರಿಗೆ ಹೋಗಿ, ತುಟಿ ಕಾಣುವಂತೆ, "ಇದೇ ಕೇಂತಿಲ್ಲ ಅಂದ್ರೆ ಬಸ್ ಹ್ಯಾಂಗ್ ಕೊಡುದ್?" ಎಂದೆ. ಅಷ್ಟು ಹೊತ್ತಿಗಾಗಲೇ ಟಯರಿಗೆ ಬಡಿದು ನೋಡುವುದನ್ನು ನಾನು ಬಿಟ್ಟು ತಿಂಗಳುಗಳಾಗಿದ್ದವು.

ಅವರು ತಲೆಯಾಡಿಸಿದರು. ಹೋಗುವ ಮುಂಚೆ ತಿರುಗಿ, "ನನ್ ಮೀಟರ್ ಇತ್ತಲ್ದಾ ಧಣಿ?" ಎಂದು ಕೇಳಿದರು.

"ಅವತ್ತೇ ಕಳ್ದ್ ಹೋಯ್ತ್," ಎಂದು ಕೈ ಆಡಿಸಿದೆ.

ಆಗ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಚಿಕೆ ಬರಲು ಹತ್ತು ವರ್ಷ ಬೇಕಾಯಿತು, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರು ಮೀಟರು ಕೇಳಿ ಹೋದ ಮಾರನೆಯ ದಿನವೂ ಹೊರಡುವ ಮುಂಚೆ ಆ ಮೀಟರನ್ನು ಜೇಬಿನಿಂದ ತೆಗೆದು ಒಳಗಿನ ಟಯರುಗಳನ್ನೇ ಮೊದಲು ನೋಡಿದೆ. ಬಸ್ಸು ಮಾರುವವರೆಗೂ ಹಾಗೇ ನೋಡಿದೆ. ಮತ್ತೆಂದೂ ನನ್ನ ಟಯರು ಒಡೆಯಲಿಲ್ಲ.