ಔಷಧಿ ಹೊಡೆಯದ ತುಂಡು

ಎಪ್ಪತ್ತರ ದಶಕದಲ್ಲಿ ನಾನು ಗುಮಾಸ್ತನಾಗಿದ್ದ ಶಿರಾ ಗೇಟಿನ ಮರದ ಡಿಪೋದಲ್ಲಿ ದಿಮ್ಮಿಗಳಿಗೆ ಔಷಧಿ ಹೊಡೆಯುವವನೊಬ್ಬನಿದ್ದ. ತೊಗಟೆಗೆ ಕಿವಿಯಿಟ್ಟು, ಹುಳು ಕೊರೆಯುವ ಸದ್ದು ಕೇಳಿದ ಮೇಲೆಯೇ ಪಂಪು ಎತ್ತುತ್ತಿದ್ದ. ಸಣ್ಣ ಹುಳುಗಳು ಔಷಧಿಯ ಮೇಲೆ ಹರಿದಾಡಿದರೆ ಸಾಕು, ಸಾಯುತ್ತಿದ್ದವು. ಗಟ್ಟಿ ಬೆನ್ನಿನ ದೊಡ್ಡವು ಸಂಜೆಯವರೆಗೂ ಒದ್ದಾಡುತ್ತಿದ್ದವು. “ಔಷಧಿ ಬೆನ್ನಿಂದ ಇಳಿಯಲ್ಲ, ಕಾಲಿಂದ ಹತ್ತುತ್ತೆ ಕಣಪ್ಪ,” ಎನ್ನುವುದು ಅವನ ಯಾವತ್ತಿನ ಮಾತು.

ಅವನ ಹೆಂಡತಿ ತೀರಿಕೊಂಡ ಕೆಲವು ವಾರಗಳ ಮೇಲೆ, ಡಿಪೋದ ಹಿಂದಿದ್ದ ಅವನ ಕೋಣೆಗೆ ಹೋಗಿದ್ದೆ. ಮಂಚದ ತಲೆದೆಸೆಯಲ್ಲಿ ತೊಗಟೆ ಬಿಡಿಸದ ಮಾವಿನ ಮರದ ತುಂಡೊಂದು ನಿಂತಿತ್ತು. ಅದರ ಕೆಳಗೆ ಹಿಟ್ಟಿನಂಥ ಪುಡಿ ಉದುರಿತ್ತು. ಪಂಪು ಪಕ್ಕದಲ್ಲೇ ಇತ್ತು.

“ಇದಕ್ಕೆ ಹೊಡ್ದಿಲ್ವಲ್ಲ?” ಎಂದೆ.

ಅವನು ಪುಡಿಯನ್ನು ಅಂಗೈಯಿಂದ ಒರೆಸುತ್ತ, “ಇರ್ಲಿ ಬುಡು. ಮನೇಲಿ ಇನ್ಯಾರು ಸದ್ದು ಮಾಡ್ತಾರೆ,” ಎಂದ.