ಅಮ್ಮನ ಶೀಟಿಗೆ ಎರಡನೇ ನಂಬ್ರ

ಎಂ.ಟೆಕ್‌ನಲ್ಲಿ ಕೃತಕ ಬುದ್ಧಿಮತ್ತೆ ಓದುತ್ತೇನೆಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ರಬ್ಬರ್ ಶೀಟಿಗೆ ಯಾಕೆ ಯಾವಾಗಲೂ ಎರಡನೇ ನಂಬ್ರ ಬರುದು ಅಂತ ನಿನ್ನ ಮಿಶನ್ ಹೇಳ್ತದಾ ಮೋಳೇ?"

ನಮ್ಮದು ಕಡಬದ ಕಡೆಯ ರಬ್ಬರ್ ಬೆಳೆಯುವ ಮನೆ. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದವರು ನಾವು. ಮನೆಮಾತು ಮಲಯಾಳ, ಅಮ್ಮನಿಗೆ ಮಗಳೆಂದರೆ ಮೋಳೇ, ಆದರೆ ಸಿಟ್ಟು ಬಂದರೆ ನನಗೆ ಕನ್ನಡವೇ ಬರುವುದು. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಅದೇ ಕಾರಣ. ರಬ್ಬರ್ ಮರ ಕೆತ್ತಿ ಹಾಲು ಇಳಿಸುವುದು ಅಪ್ಪನ ಕೆಲಸ, ಆ ಹಾಲನ್ನು ಹೆಪ್ಪುಗಟ್ಟಿಸಿ ಶೀಟ್ ಮಾಡುವುದು ಅಮ್ಮನದು. ಶೀಟ್ ಕೊಳ್ಳುವ ಅಂಗಡಿಯಿಂದ ಎರಡನೇ ನಂಬ್ರ, ಅಂದರೆ ಎರಡನೇ ದರ್ಜೆಯ ಕಡಿಮೆ ದರ ಬಂದಾಗಲೆಲ್ಲ ಅಪ್ಪ "ಎಂತ ಮಾಡುದು, ಅವಳ ಕೈಗುಣ" ಎಂದು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಎಲ್ಲರೂ ಹಾಲನ್ನು ಒಮ್ಮೆ ಸೋಸಿದರೆ ಅವಳು ಎರಡು ಸಲ ಸೋಸುತ್ತಿದ್ದಳು. ಶೀಟ್ ಒಣಗಿಸುವ ಹೊಗೆಕೋಣೆಯ ಬೆಂಕಿಯನ್ನು ಹಸುಗೂಸಿನ ಹಾಗೆ ಕಾಯುತ್ತಿದ್ದಳು. ಹಾಗೆ ಹನ್ನೊಂದು ವರ್ಷ.

ಪುತ್ತೂರಿನ ದರ್ಬೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದವಳು ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡೆ. ಫೋಟೋ ನೋಡಿ ರಬ್ಬರ್ ಶೀಟಿನ ದರ್ಜೆ ಹೇಳುವ ಮಾಡೆಲ್. ಮಾಡೆಲಿಗೆ ಕಲಿಸಬೇಕಾದರೆ ಪ್ರತಿ ಫೋಟೋಕ್ಕೂ ಸರಿ ಉತ್ತರವನ್ನು ಒಬ್ಬ ಮನುಷ್ಯ ಹೇಳಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ ಲೇಬಲ್ ಎನ್ನುತ್ತಾರೆ. ಲೇಬಲ್ ಹೇಳಲು ಅಂಕಲ್ ಒಪ್ಪಿದರು.

ಅಂಕಲ್ ಎಂದರೆ ಅಪ್ಪನ ಆಪ್ತ ಗೆಳೆಯ, ರಬ್ಬರ್ ಅಂಗಡಿಯಲ್ಲಿ ದರ್ಜೆ ಹಾಕುವವರು. ನನ್ನ ಜ್ಞಾನಸ್ನಾನದ ದಿನ ನನ್ನನ್ನು ತೋಳಲ್ಲಿ ಹಿಡಿದು ನಿಂತ ದೇವಪಿತ, ಅಂದರೆ ಗಾಡ್‌ಫಾದರ್. ಪ್ರತಿ ಶನಿವಾರ ನಾನು ಬಸ್ಸಿಳಿದು ನೇರ ಅಂಗಡಿಗೆ ಹೋಗುತ್ತಿದ್ದೆ. ಅವರು ಒಂದೊಂದೇ ಶೀಟನ್ನು ಬಾಗಿಲ ಬೆಳಕಿಗೆ ಹಿಡಿದು ಗುಳ್ಳೆ, ಕಲೆ, ಬೂಸ್ಟು ನೋಡಿ "ಒಂದು", "ಮೂರು", "ಎರಡು" ಎನ್ನುತ್ತಿದ್ದರು. ನಾನು ಫೋಟೋ ತೆಗೆದು ಬರೆದುಕೊಳ್ಳುತ್ತಿದ್ದೆ. ಮಧ್ಯೆ ಅವರದೇ ಖರ್ಚಿನಲ್ಲಿ ಚಾ, ಬಾಳೆಹಣ್ಣು ಕರಿದ ಪಳಂಪೊರಿ. ಆ ಕಣ್ಣನ್ನು ನಾನು ದೇವರ ಕಣ್ಣಿನ ಹಾಗೆ ನಂಬಿದ್ದೆ.

ಮಾಡೆಲ್ ಚೆನ್ನಾಗಿಯೇ ಕಲಿಯಿತು. ಅದು ಶೀಟಿನ ಯಾವ ಭಾಗ ನೋಡಿ ತೀರ್ಮಾನ ಮಾಡುತ್ತದೆಂದು ಕೆಂಪು ಬಣ್ಣದಲ್ಲಿ ತೋರಿಸುವ ಒಂದು ವಿಧಾನ ಉಂಟು. ಅದನ್ನು ಹಾಕಿ ನೋಡಿದರೆ, ಬೇರೆ ಶೀಟುಗಳಲ್ಲೆಲ್ಲ ಆ ಕೆಂಪು ಬಣ್ಣ ಗುಳ್ಳೆ, ಕಲೆಗಳ ಮೇಲೆ ಬಿದ್ದಿತ್ತು. ಕೆಲವು ಶೀಟುಗಳಲ್ಲಿ ಮಾತ್ರ ಅಂಚಿನ ಮೇಲೆ. ಏನೂ ದೋಷವಿಲ್ಲದ, ಜೇನಿನ ಬಣ್ಣದ ಶೀಟುಗಳು. ಎಲ್ಲಕ್ಕೂ ಅಂಕಲ್ ಹೇಳಿದ್ದು ಎರಡು.

ಪ್ರಾಜೆಕ್ಟಿನ ಗೈಡ್ ಮೇಡಂ ಪರದೆ ನೋಡಿ, "ನಿನ್ನ ಲೇಬಲೇ ಸರಿ ಇಲ್ಲ ಮಾರಾಯ್ತಿ. ಮಾಡೆಲ್ ಶೀಟ್ ನೋಡ್ತಾ ಇಲ್ಲ, ಅಂಚಲ್ಲಿ ಎಂತದೋ ಗುರುತು ನೋಡ್ತಾ ಉಂಟು" ಎಂದರು.

ಆ ಗುರುತು ನನಗೆ ಗೊತ್ತಿತ್ತು, ಅದು ನಮ್ಮ ಮನೆಯ ಶೀಟಿನದು. ಶೀಟ್ ಒತ್ತುವ ನಮ್ಮ ರೋಲರಿನ ಒಂದು ತುದಿಯ ಹಲ್ಲು ಮುರಿದಿದೆ. ಹಾಗಾಗಿ ನಮ್ಮ ಶೀಟಿನ ಅಚ್ಚಿನ ಗೆರೆಗಳು ಒಂದು ಅಂಚಿನಲ್ಲಿ ಕಡಿದುಹೋಗುತ್ತವೆ. ದರ್ಜೆಗೂ ಅದಕ್ಕೂ ಸಂಬಂಧವೇ ಇಲ್ಲ.

ಮುಂದಿನ ಶನಿವಾರ ಮೊದಲು ಮನೆಗೆ ಹೋಗಿ, ಅಮ್ಮನ ಒಂದು ಶೀಟಿನ ಆ ಅಂಚನ್ನು ಕತ್ತರಿಸಿ, ಶೀಟನ್ನೂ ಕತ್ತರಿಸಿದ ಪಟ್ಟಿಯನ್ನೂ ಚೀಲದೊಳಗೆ ಹಾಕಿಕೊಂಡು ಅಂಗಡಿಗೆ ಹೋದೆ. ಅಂಕಲ್ ಶೀಟನ್ನು ಬೆಳಕಿಗೆ ಹಿಡಿದರು. "ಒಂದು," ಎಂದರು, "ಯಾರದ್ದು ಇದು? ಒಳ್ಳೆ ಕೈ." ನಾನು ಪಟ್ಟಿ ತೆಗೆದು ಅವರ ಮುಂದಿಟ್ಟೆ.

ಅವರು ಪಟ್ಟಿಯನ್ನು ಬೆರಳಲ್ಲಿ ಸವರಿದರು. ಅದನ್ನು ಕೆಳಗಿಟ್ಟು ಹೇಳಿದರು, "ನಿನ್ನ ಅಪ್ಪ ಒಮ್ಮೆ ಒಣಗದ ಶೀಟನ್ನು ಕಟ್ಟಿನ ನಡುವೆ ಅಡಗಿಸಿ ಕೊಟ್ಟಿದ್ದ. ಇಡೀ ಲೋಡು ವಾಪಸ್ ಬಂತು, ಅಂಗಡಿ ಧಣಿಯ ಎದುರು ನನ್ನ ಮಾನ ಹೋಯಿತು. ಅಂದಿನಿಂದ ನಿಮ್ಮದಕ್ಕೆ ಒಂದು ನಂಬ್ರ ಕಮ್ಮಿ. ಇಲ್ಲಿ ಶೀಟ್ ಮಾತ್ರ ಅಲ್ಲ, ಮನೆಯನ್ನೂ ನೋಡ್ಲಿಕ್ಕೆ ಉಂಟು."

"ನನ್ನ ಫೋಟೋಕ್ಕೂ ಮನೆ ನೋಡಿಯೇ ಹೇಳಿದ್ರಾ?"

"ಮಿಶನಿಗೆ ಗೊತ್ತಾಗುದಿಲ್ಲ ಅಂತ ಗ್ರಹಿಸಿದೆ." ಆಮೇಲೆ ತಲೆ ಎತ್ತಿ, "ನನ್ನನ್ನು ಮಾತ್ರ ಬೈಬೇಡ. ನಿನ್ನ ಅಪ್ಪನೇ ಒಪ್ಪಿದ್ದು. ಊರಿಗೆ, ಮನೆಗೆ ಹೇಳುದು ಬೇಡ, ನಂಬ್ರ ಕಮ್ಮಿ ಮಾಡು ಅಂದ."

ಅಂಕಲ್ ಮೇಲೆ ಬಂದ ಸಿಟ್ಟು ಅಲ್ಲೇ ಸಣ್ಣದಾಯಿತು. ಅದಕ್ಕಿಂತ ದೊಡ್ಡದು ಅಪ್ಪನ ಮೇಲೆ ಬಂತು. ಹನ್ನೊಂದು ವರ್ಷ ತನ್ನ ತಪ್ಪನ್ನು ಹೆಂಡತಿಯ ಕೈಗುಣದ ಮೇಲೆ ಹೊರಿಸಿ ನಗುತ್ತಿದ್ದ ಮನುಷ್ಯನನ್ನು ನಾನು ಅಪ್ಪ ಎಂದು ಕರೆಯುತ್ತಿದ್ದೆ. ಅವರು ಕಷ್ಟಪಟ್ಟು ಓದಿಸಿದ್ದು ನಿಜ. ಆದರೂ ಆ ಹೊತ್ತಿಗೆ ಅವರ ಮುಖ ನೋಡಲು ಮನಸ್ಸಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ನೇರ ಹಿತ್ತಿಲಿಗೆ ಹೋದೆ. ಅಮ್ಮ ಹಾಲು ಸೋಸುತ್ತಿದ್ದಳು, ಎರಡನೇ ಸಲ.

"ಎಂತ ಹೇಳಿತು ನಿನ್ನ ಮಿಶನ್?"

"ನಿನ್ನ ಶೀಟ್ ಒಂದನೇ ನಂಬ್ರ ಅಂತ. ಅಂಕಲ್ ಬೇಕಂತಲೇ ಕಮ್ಮಿ ಹಾಕ್ತಾ ಇದ್ರು."

ಅಮ್ಮನ ಕೈ ನಿಂತಿತು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ನೋಡಿದ್ದಿಲ್ಲ. ಮತ್ತೆ ಜಗಲಿಯ ಕಡೆ ಕಣ್ಣು ಹಾಯಿಸಿ ಸ್ವರ ತಗ್ಗಿಸಿದಳು.

"ಅಪ್ಪನಿಗೆ ಗೊತ್ತುಂಟಾ?"

ಬಸ್ಸಿನುದ್ದಕ್ಕೂ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಬಾಯಿಯ ತನಕ ಬಂದಿದ್ದವು. ಆ ಮುಖ ನೋಡಿ, "ಇಲ್ಲ" ಎಂದುಬಿಟ್ಟೆ.

"ಹಾಗಾದ್ರೆ ಹೇಳ್ಬೇಡ ಮೋಳೇ. ನಂಬಿದ ಗೆಳೆಯನೇ ಹೀಗೆ ಮಾಡಿದ ಅಂತ ಗೊತ್ತಾದ್ರೆ ಅವರಿಗೆ ತಡಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ" ಎಂದು ಹೇಳಿ, ಅಪ್ಪನಿಗೆ ಚಾ ಮಾಡಲು ಒಳಗೆ ಹೋದಳು.